ಮಂಜುಗಡ್ಡೆಯ ಹಾದಿಯಲ್ಲಿ ಜಾರುಬಂಡಿ

ಭೀಮಸಮುದ್ರದಂತಹ ಅಡಿಕೆಯ ಊರುಗಳಲ್ಲಿ ಮಕ್ಕಳ ಆಟವೊಂದುಂಟು. ಉದುರಿದ ಹಾಳೆಯ ಮೇಲೆ ಒಬ್ಬನು ಕುಳಿತರೆ ಮತ್ತೊಬ್ಬನು ಅದರ ತುದಿಯನ್ನು ಹಿಡಿದು ಎಳೆಯುತ್ತಾನೆ. ಎಳೆಯುವವನು ನಿಂತೊಡನೆ ಹಾಳೆಯೂ ನಿಲ್ಲುತ್ತದೆ. ನೆಲದ ಘರ್ಷಣೆಯು ಅದರ ವೇಗವನ್ನು ನುಂಗಿಬಿಡುತ್ತದೆ. ಘರ್ಷಣೆ ಅತ್ಯಲ್ಪವಾದ ಮಂಜುಗಡ್ಡೆಯ ಇಳಿಜಾರಿನಲ್ಲಾದರೋ ಎಳೆಯುವವನೇ ಬೇಕಿಲ್ಲ. ಆ ಕೆಲಸವನ್ನು ಗುರುತ್ವಾಕರ್ಷಣೆಯೇ ಮಾಡುತ್ತದೆ. ಲೂಜ್ ಎಂಬ ಚಳಿಗಾಲದ ಕ್ರೀಡೆಯ ಮೂಲತತ್ತ್ವ ಇದೇ.

ಲೂಜ್ ಸ್ಪರ್ಧಿಯು ಪುಟ್ಟ ಜಾರುಬಂಡಿಯ ಮೇಲೆ ಕಾಲು ಮುಂದಾಗಿ, ಅಂಗಾತ ಮಲಗಿ ಇಳಿಯುತ್ತಾನೆ. ಬಂಡಿಗೆ ಎಂಜಿನ್ನೂ ಇಲ್ಲ, ಬ್ರೇಕೂ ಇಲ್ಲ. ಹೊರಡುವಾಗ ಹಿಡಿಗಳನ್ನು ಜಗ್ಗಿ, ಮುಳ್ಳಿನ ಕೈಗವಸುಗಳಿಂದ ಮಂಜುಗಡ್ಡೆಯನ್ನು ಒತ್ತಿ ನೂಕಿಕೊಳ್ಳುತ್ತಾನೆ. ಬಳಿಕ ಮೀನಖಂಡಗಳಿಂದಲೂ ಭುಜಗಳಿಂದಲೂ ಬಂಡಿಯನ್ನು ಅದುಮಿ ದಿಕ್ಕನ್ನು ತಿದ್ದುತ್ತಾನೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಯಾವ ತಡೆಯೂ ಇಲ್ಲದೆ 100 ಮೀಟರ್ ಎತ್ತರವನ್ನು ಇಳಿದ ವಸ್ತುವಿನ ವೇಗ ಗಂಟೆಗೆ ಸುಮಾರು 159 ಕಿಲೋಮೀಟರ್ ಆಗಬೇಕು. ಲೂಜ್ ಬಂಡಿಗಳ ವೇಗ ಸಾಮಾನ್ಯವಾಗಿ 120ರಿಂದ 140 ಮಾತ್ರ. ಉಳಿದುದನ್ನು ಗಾಳಿಯೂ ಮಂಜುಗಡ್ಡೆಯೂ ಕಸಿದುಕೊಳ್ಳುತ್ತವೆ. ತಲೆಯನ್ನು ತುಸು ಎತ್ತಿದರೂ ಗಾಳಿಯ ತಡೆ ಹೆಚ್ಚುತ್ತದೆ. ಬಿಸಿಯಾದ ಉಕ್ಕು ಹೆಚ್ಚು ಸರಾಗವಾಗಿ ಜಾರುವುದರಿಂದ ಬಂಡಿಯ ಪಟ್ಟಿಗಳನ್ನು ಕಾಯಿಸುವುದು ನಿಷಿದ್ಧ. ಓಟಕ್ಕೆ ಮುನ್ನ ಅವುಗಳ ಉಷ್ಣತೆಯನ್ನು ಅಳೆಯುತ್ತಾರೆ. ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಗಣಿಸುತ್ತಾರೆ. ಆದುದರಿಂದ ಇಲ್ಲಿ ಗೆಲ್ಲುವವನು ವೇಗವನ್ನು ಗಳಿಸುವವನಲ್ಲ, ದೊರೆತ ವೇಗವನ್ನು ಕಳೆದುಕೊಳ್ಳದವನು.

ಈ ವಿದ್ಯೆಯನ್ನು ಮಂಜುಗಡ್ಡೆಯ ಹಾದಿಯೇ ಇಲ್ಲದ ನಾಡಿನವನು ಕಲಿಯುವುದೆಂತು? ಹಿಮಾಚಲ ಪ್ರದೇಶದ ಮನಾಲಿಯ ಬಳಿ ವಶಿಷ್ಠದಲ್ಲಿ 1981ರಲ್ಲಿ ಜನಿಸಿದ ಶಿವ ಕೇಶವನ್ ಅವರು ಬಂಡಿಗೆ ಚಕ್ರಗಳನ್ನು ಜೋಡಿಸಿ, ವಾಹನಗಳು ಓಡಾಡುವ ಬೆಟ್ಟದ ರಸ್ತೆಗಳಲ್ಲೇ ಅಭ್ಯಾಸ ಮಾಡಿದರು. 1998ರಲ್ಲಿ, 16ನೆಯ ವಯಸ್ಸಿನಲ್ಲಿ, ಜಪಾನಿನ ನಾಗಾನೊ ಒಲಿಂಪಿಕ್ಸಿನಲ್ಲಿ ಸ್ಪರ್ಧಿಸಿದರು. 2018ರವರೆಗೆ ಆರು ಚಳಿಗಾಲದ ಒಲಿಂಪಿಕ್ಸ್‌ಗಳಲ್ಲಿ ಪಾಲ್ಗೊಂಡರು. 2006ರಲ್ಲಿ ಟ್ಯೂರಿನ್‌ನಲ್ಲಿ ಪಡೆದ 25ನೆಯ ಸ್ಥಾನವೇ ಅಲ್ಲಿ ಅವರ ಅತ್ಯುತ್ತಮ ಸಾಧನೆ. 2011ರಲ್ಲಿ ನಾಗಾನೊದ ಏಷ್ಯಾ ಕಪ್ಪಿನಲ್ಲಿ ಚಿನ್ನ ಗೆದ್ದರು. ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿದ್ದುದರಿಂದ 2014ರಲ್ಲಿ ಸೋಚಿಯಲ್ಲಿ ರಾಷ್ಟ್ರಧ್ವಜವಿಲ್ಲದೆ ಸ್ವತಂತ್ರ ಸ್ಪರ್ಧಿಯಾಗಿ ಇಳಿಯಬೇಕಾಯಿತು. ಅಲ್ಲಿ ಅಭ್ಯಾಸದ ನಡುವೆ ಬಂಡಿಯಿಂದ ಜಾರಿದ ಅವರು, ಓಡುತ್ತಿದ್ದ ಬಂಡಿಯ ಮೇಲೆ ಮರಳಿ ಮಲಗಿ ಓಟವನ್ನು ಮುಂದುವರಿಸಿದರು.

ಇದು ಕೇವಲ ಚಮತ್ಕಾರವಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸಿನ ಅಭ್ಯಾಸದಲ್ಲಿ ಜಾರ್ಜಿಯ ದೇಶದ ನೊದಾರ್ ಕುಮಾರಿತಾಶ್ವಿಲಿ ಹಾದಿಯಿಂದ ಸಿಡಿದು, ಕಂಬಕ್ಕೆ ಬಡಿದು ಮೃತಪಟ್ಟರು. ವೇಗವು ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆಂಬ ಸೂತ್ರವನ್ನು ನಾವು ಪಾಠಪುಸ್ತಕದಲ್ಲಿ ಓದುತ್ತೇವೆ. ಲೂಜ್ ಸ್ಪರ್ಧಿಯು ಅದನ್ನು ತನ್ನ ದೇಹದಲ್ಲಿಯೇ ಹೊತ್ತು ಇಳಿಯುತ್ತಾನೆ. 2020ರಲ್ಲಿ ಶಿವ ಕೇಶವನ್ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಒಲಿಂಪಿಕ್ ಪದಕವಿಲ್ಲದ ಈ ಇಪ್ಪತ್ತು ವರ್ಷಗಳ ಬೆಲೆಯನ್ನು ಅರಿಯಲು ಈ ಒಂದು ಸೂತ್ರ ಸಾಕು.