ಅಧ್ಯಕ್ಷರ ಭಾಷಣ ಮತ್ತು ಒಂದು ರಬ್ಬರ್ ರಿಂಗ್

ಅಮೆರಿಕದ ಅಧ್ಯಕ್ಷರ ಭಾಷಣ ಅಂದ್ರೆ ನಮ್ಮಲ್ಲಿ ಬಹಳಷ್ಟು ಜನರಿಗೆ ನೆನಪಾಗೋದು ಮೋಟಿವೇಶನ್ ವಿಡಿಯೋ. ಹಿನ್ನೆಲೆಯಲ್ಲಿ ಪಿಯಾನೋ, ನಿಧಾನವಾಗಿ ಮೇಲೇಳುವ ರಾಕೆಟ್, ಅದರ ಮೇಲೆ ಕೆನಡಿಯ ದನಿ. ಪರೀಕ್ಷೆಗೆ ಎರಡು ದಿನ ಇರುವಾಗ ಇಂಥದ್ದನ್ನ ನೋಡಿ ಹುಮ್ಮಸ್ಸು ತಂದುಕೊಳ್ಳೋದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಜಿನಿಯರಿಂಗ್ ಓದುವವರು ಈ ಭಾಷಣಗಳನ್ನ ಇನ್ನೊಂದು ಕಿವಿಯಿಂದಲೂ ಕೇಳಬೇಕು. ಆ ಮಾತು ಇಂಜಿನಿಯರುಗಳಿಂದ ಏನನ್ನು ಕೇಳಿತು? ಯಾವುದನ್ನು ಹೇಳದೆ ಬಿಟ್ಟಿತು?

ಮೊದಲು ಕೆನಡಿ. 1961ರ ಏಪ್ರಿಲ್ 12ರಂದು ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು. ಅದೇ ತಿಂಗಳು ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿಯಲ್ಲಿ ಅಮೆರಿಕದ ಮುಖಕ್ಕೆ ಮಸಿ ಬಳಿದಂತಾಗಿತ್ತು. ಕೆನಡಿ ತಮ್ಮ ಉಪಾಧ್ಯಕ್ಷ ಜಾನ್ಸನ್ ಅವರಿಗೆ ಒಂದು ಚಿಕ್ಕ ಟಿಪ್ಪಣಿ ಕಳಿಸಿದರು. ಅದರ ಸಾರ ಇಷ್ಟೇ: ಬಾಹ್ಯಾಕಾಶದಲ್ಲಿ ನಾವು ಗೆಲ್ಲಬಹುದಾದ ಸ್ಪರ್ಧೆ ಯಾವುದಾದರೂ ಇದೆಯಾ? ಮೇ 25ಕ್ಕೆ ಉತ್ತರ ಸಿದ್ಧ. ಈ ದಶಕ ಮುಗಿಯುವ ಮೊದಲು ಮನುಷ್ಯನನ್ನ ಚಂದ್ರನ ಮೇಲೆ ಇಳಿಸಿ ಸುರಕ್ಷಿತವಾಗಿ ವಾಪಸ್ ಕರೆತರುತ್ತೇವೆ ಅಂತ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಘೋಷಣೆ. ಆ ಹೊತ್ತಿಗೆ ಅಮೆರಿಕದ ಮಾನವಸಹಿತ ಬಾಹ್ಯಾಕಾಶ ಅನುಭವ ಎಷ್ಟು ಗೊತ್ತಾ? ಅಲನ್ ಶೆಪರ್ಡ್ ಹಾರಿದ ಹದಿನೈದು ನಿಮಿಷ. ಅದೂ ಕಕ್ಷೆಗೆ ಹೋಗದೆ, ಮೇಲೇರಿ ಕೆಳಗೆ ಬಿದ್ದದ್ದು.

1962ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಮಾಡಿದ ಭಾಷಣ ಇನ್ನೂ ಪ್ರಸಿದ್ಧ. ವಿಡಿಯೋಗಳಲ್ಲಿ ಬರೋದು ಅದರ ಒಂದೆರಡು ಸಾಲು ಮಾತ್ರ. ಪೂರ್ತಿ ಓದಿದರೆ ಬೇರೆಯೇ ಸ್ವಾರಸ್ಯ ಇದೆ. ಮುನ್ನೂರು ಅಡಿಗಿಂತ ಎತ್ತರದ ರಾಕೆಟ್, ಇನ್ನೂ ಕಂಡುಹಿಡಿಯದ ಮಿಶ್ರಲೋಹಗಳೂ ಅದರಲ್ಲಿ ಬೇಕು, ಜೋಡಣೆ ಅತ್ಯುತ್ತಮ ಕೈಗಡಿಯಾರಕ್ಕಿಂತ ನಿಖರವಾಗಿರಬೇಕು, ವಾಪಸ್ ಬರುವಾಗ ವೇಗ ಗಂಟೆಗೆ ಸುಮಾರು 40,000 ಕಿಲೋಮೀಟರ್. ಆ ಶಾಖ ಹೆಚ್ಚುಕಡಿಮೆ ಇವತ್ತು ಇಲ್ಲಿರೋ ಸೆಖೆಯಷ್ಟೇ ಅಂತ ಒಂದು ಜೋಕ್ ಕೂಡ ಹಾಕಿದ್ದಾರೆ. ಖರ್ಚನ್ನೂ ಮುಚ್ಚಿಡಲಿಲ್ಲ: ವರ್ಷಕ್ಕೆ 540 ಕೋಟಿ ಡಾಲರ್, ಅಂದ್ರೆ ನಾವು ಸಿಗರೇಟು ಮತ್ತು ಸಿಗಾರಿಗೆ ಸುರಿಯುವುದಕ್ಕಿಂತ ಸ್ವಲ್ಪ ಕಡಿಮೆ. ನನ್ನ ಪ್ರಕಾರ ಆ ಭಾಷಣದ ಗಟ್ಟಿತನ ಇರೋದು ಇಲ್ಲಿ. ಗುರಿ, ಗಡುವು, ಖರ್ಚು, ತಾಂತ್ರಿಕ ಕಷ್ಟ ಎಲ್ಲವೂ ಇದೆ. ಒಂದು ರೀತಿಯಲ್ಲಿ ಅದು ಸ್ಪೆಸಿಫಿಕೇಶನ್ ಶೀಟ್, ಕಾವ್ಯದ ಬಟ್ಟೆ ಹಾಕಿಕೊಂಡು ಬಂದಿದೆ ಅಷ್ಟೇ.

ಅದರ ಇನ್ನೊಂದು ಮುಖ ಗೊತ್ತಾಗಿದ್ದು ಬಹಳ ತಡವಾಗಿ. ಆ ಭಾಷಣವಾದ ಎರಡೇ ತಿಂಗಳಿಗೆ ನಾಸಾ ಮುಖ್ಯಸ್ಥ ಜೇಮ್ಸ್ ವೆಬ್ ಜೊತೆ ನಡೆದ ಸಭೆಯ ಧ್ವನಿಮುದ್ರಣ 2001ರಲ್ಲಿ ಹೊರಬಂತು. ಅದರಲ್ಲಿ ಕೆನಡಿ, ತನಗೆ ಬಾಹ್ಯಾಕಾಶದಲ್ಲಿ ಅಂಥ ಆಸಕ್ತಿ ಏನಿಲ್ಲ, ರಷ್ಯನ್ನರನ್ನ ಸೋಲಿಸೋದು ಮುಖ್ಯ ಅನ್ನೋ ಅರ್ಥದ ಮಾತಾಡಿದ್ದಾರೆ. 1963ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಗೆ ಹೋಗಿ, ಅದೇ ರಷ್ಯನ್ನರ ಜೊತೆ ಸೇರಿ ಚಂದ್ರನಿಗೆ ಹೋಗೋಣವೇ ಅಂತಲೂ ಕೇಳಿದರು. ಎರಡು ತಿಂಗಳ ನಂತರ ಅವರ ಹತ್ಯೆಯಾಯಿತು. ಆಮೇಲೆ ಆ ಗಡುವು ಸತ್ತ ನಾಯಕನ ಮಾತಾಗಿಬಿಟ್ಟಿತು, ಅದನ್ನ ಮುಟ್ಟೋ ಧೈರ್ಯ ಯಾರಿಗೂ ಬರಲಿಲ್ಲ.

ನಿಕ್ಸನ್ ಕಥೆ ಚಿಕ್ಕದು. 1969ರ ಜುಲೈನಲ್ಲಿ ಅವರ ಬರಹಗಾರ ವಿಲಿಯಂ ಸಫೈರ್ ಒಂದು ಚಿಕ್ಕ ಭಾಷಣ ಬರೆದಿಟ್ಟಿದ್ದರು. ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಚಂದ್ರನ ಮೇಲೇ ಸಿಕ್ಕಿಹಾಕಿಕೊಂಡರೆ ಓದಬೇಕಾದ ಭಾಷಣ ಅದು. ಚಂದ್ರನಿಂದ ಮೇಲೇಳಿಸುವ ಇಂಜಿನ್ ಇದ್ದದ್ದು ಒಂದೇ, ಅದು ಕೈಕೊಟ್ಟರೆ ಬೇರೆ ದಾರಿ ಇರಲಿಲ್ಲ. ಅಧ್ಯಕ್ಷರು ಮೊದಲು ಅವರ ಹೆಂಡತಿಯರಿಗೆ ಫೋನ್ ಮಾಡಬೇಕು ಅನ್ನೋದೂ ಆ ಕಾಗದದಲ್ಲಿತ್ತು. ಇಂಜಿನ್ ಕೆಲಸ ಮಾಡಿತು, ಕಾಗದ ಫೈಲಿನೊಳಗೆ ಮೂವತ್ತು ವರ್ಷ ಮಲಗಿತು. ಫೇಲ್ಯೂರ್ ಮೋಡ್ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಯೋಚಿಸಿದ ರಾಜಕೀಯ ಬರಹ ನಾನು ಇನ್ನೊಂದು ಓದಿಲ್ಲ.

ಈಗ ಅಸಲಿ ವಿಷಯಕ್ಕೆ ಬರೋಣ. 1986ರ ಜನವರಿ 28ರಂದು ಚಾಲೆಂಜರ್ ಶಟಲ್ ಹಾರಿದ 73 ಸೆಕೆಂಡಿಗೆ ಛಿದ್ರವಾಯಿತು. ಏಳು ಜನ ಸತ್ತರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಶಾಲಾ ಶಿಕ್ಷಕಿ, ಹಾಗಾಗಿ ದೇಶದ ಎಷ್ಟೋ ಶಾಲೆಗಳ ಮಕ್ಕಳು ಟಿವಿ ಮುಂದೆ ಕೂತಿದ್ದರು. ಅಂದು ರಾತ್ರಿ ರೊನಾಲ್ಡ್ ರೇಗನ್ ಸಂಸತ್ತಿನಲ್ಲಿ ವಾರ್ಷಿಕ ಭಾಷಣ ಮಾಡಬೇಕಿತ್ತು. ಅದನ್ನ ಮುಂದೂಡಿ, ಕಚೇರಿಯಲ್ಲೇ ಕೂತು ನಾಲ್ಕೇ ನಿಮಿಷ ಮಾತಾಡಿದರು. ಬರೆದವರು ಪೆಗ್ಗಿ ನೂನನ್. ರೇಗನ್ ನೇರವಾಗಿ ಮಕ್ಕಳ ಕಡೆ ತಿರುಗಿ ಮಾತಾಡಿದರು, ಹಳೇ ಕಾಲದ ನಾವಿಕ ಫ್ರಾನ್ಸಿಸ್ ಡ್ರೇಕ್‌ನನ್ನು ನೆನೆದರು, ಎರಡನೇ ಮಹಾಯುದ್ಧದಲ್ಲಿ ಸತ್ತ ಯುವ ಪೈಲಟ್ ಒಬ್ಬನ ಕವಿತೆಯ ಮಾತಿನಿಂದ ಮುಗಿಸಿದರು. (ಆ ಸಾಲಿಗೆ ಟೆಲಿಫೋನ್ ಕಂಪನಿಯ ಜಾಹೀರಾತಿನ ಮಾತು ಸೇರಿಸಿ ತಿದ್ದಲು ಒಬ್ಬ ಅಧಿಕಾರಿ ನೋಡಿದ್ದನಂತೆ. ನೂನನ್ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ರಿವ್ಯೂ ಕಮಿಟಿಗಳು ಎಲ್ಲಾ ಕಡೆ ಒಂದೇ ಥರ ನೋಡಿ!)

ಶೋಕದ ಭಾಷಣವಾಗಿ ಅದಕ್ಕೆ ಸಾಟಿ ಕಡಿಮೆ. ಆದರೆ ಅದರ ತಿರುಳನ್ನ ಗಮನಿಸಿ. ಹೊಸ ಜಾಗ ಹುಡುಕುವವರಿಗೆ ಅಪಾಯ ಇದ್ದದ್ದೇ, ಧೈರ್ಯವಂತರಷ್ಟೇ ಮುಂದೆ ಹೋಗೋದು, ಇದು ಅನ್ವೇಷಣೆಯ ಬೆಲೆ. ಹಾಗಂದಾಗ ಸಾವು ವಿಧಿಯ ಲೆಕ್ಕಕ್ಕೆ ಹೋಯಿತು.

ಹಿಂದಿನ ರಾತ್ರಿ ನಡೆದದ್ದೇ ಬೇರೆ. ಶಟಲ್ಲಿನ ಪಕ್ಕದ ಬೂಸ್ಟರ್ ರಾಕೆಟ್ಟುಗಳನ್ನ ತುಂಡುತುಂಡಾಗಿ ತಂದು ಜೋಡಿಸುತ್ತಿದ್ದರು. ಜಾಯಿಂಟಿನಿಂದ ಬಿಸಿ ಅನಿಲ ಸೋರದ ಹಾಗೆ ತಡೆಯೋದು ಸುಮಾರು 7 ಮಿಲಿಮೀಟರ್ ದಪ್ಪದ ಎರಡು ರಬ್ಬರ್ ರಿಂಗ್, ಅಂದ್ರೆ ಒ-ರಿಂಗ್. ಚಳಿಯಲ್ಲಿ ರಬ್ಬರ್ ಗಡುಸಾಗುತ್ತೆ, ಒತ್ತಡ ಬಿದ್ದಾಗ ಬೇಗ ಹಿಗ್ಗಿ ಸಂದು ಮುಚ್ಚೋದಿಲ್ಲ. ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಇಂಜಿನಿಯರುಗಳು, ಅವರಲ್ಲಿ ರೋಜರ್ ಬೊಯ್‌ಜೊಲಿ ಒಬ್ಬರು, ಟೆಲಿಕಾನ್ಫರೆನ್ಸಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು: 53 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹಾರಿಸಬೇಡಿ. ಹಾರುವಾಗ ಹವೆ ಇದ್ದದ್ದು ಸುಮಾರು 2 ಡಿಗ್ರಿ ಸೆಲ್ಸಿಯಸ್. ನಾಸಾ ಅಧಿಕಾರಿಗಳು ಒಪ್ಪಲಿಲ್ಲ. ಸಾಮಾನ್ಯವಾಗಿ ಸುರಕ್ಷಿತ ಅಂತ ತೋರಿಸಿಕೊಟ್ಟರೆ ಮಾತ್ರ ಹಾರಾಟ. ಅವತ್ತು ಅಪಾಯ ಇದೆ ಅಂತ ಸಾಬೀತು ಮಾಡುವ ಹೊರೆ ಇಂಜಿನಿಯರುಗಳ ತಲೆಗೆ ಬಿತ್ತು. ಕಂಪನಿಯ ಹಿರಿಯರೊಬ್ಬರು ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ, ನಿನ್ನ ಇಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕ್ಕೋ ಅಂದರು. ಅವರು ಹಾಕಿಕೊಂಡರು, ಶಿಫಾರಸು ಬದಲಾಯಿತು. ಈ ಚರ್ಚೆ ನಡೆದಿದೆ ಅನ್ನೋದು ಒಳಗೆ ಕೂರಲಿದ್ದ ಏಳು ಜನಕ್ಕೆ ಗೊತ್ತೇ ಇರಲಿಲ್ಲ.

ನನಗೆ ಸಿಕ್ಕಿಕೊಳ್ಳೋದು ಇಲ್ಲೇ. ಡ್ರೇಕ್ ಸಮುದ್ರಕ್ಕಿಳಿದಾಗ ತನ್ನ ಹಡಗಿನ ತೂತು ಎಲ್ಲಿದೆ ಅಂತ ತಾನೇ ನೋಡಬಹುದಿತ್ತು. ಮೆಕಾಲಿಫ್‌ಗೆ ಆ ಅವಕಾಶ ಇರಲಿಲ್ಲ. ಗೊತ್ತಿದ್ದೂ ಎದುರಿಸಿದ ಅಪಾಯವನ್ನೂ ಬೇರೆಯವರು ಬಚ್ಚಿಟ್ಟ ಅಪಾಯವನ್ನೂ ಅನ್ವೇಷಣೆ ಅನ್ನೋ ಒಂದೇ ಚೀಲಕ್ಕೆ ಹಾಕೋಕಾಗಲ್ಲ. ರೇಗನ್ನರಿಗೆ ಅಂದು ಸಂಜೆ ಇದ್ಯಾವುದೂ ತಿಳಿದಿರಲಿಲ್ಲ, ಅಳುವ ಮಕ್ಕಳಿಗೆ ಒ-ರಿಂಗ್ ಪಾಠ ಹೇಳುವ ಹೊತ್ತೂ ಅದಲ್ಲ. ವಾರದೊಳಗೆ ಅವರೇ ವಿಲಿಯಂ ರೋಜರ್ಸ್ ನೇತೃತ್ವದಲ್ಲಿ ತನಿಖಾ ಆಯೋಗ ನೇಮಿಸಿದರು, ಆ ಶ್ರೇಯಸ್ಸು ಅವರಿಗೆ ಸಲ್ಲಬೇಕು. ಅಧ್ಯಕ್ಷರ ಭಾಷಣಕ್ಕಾಗಿ ಆತುರದಲ್ಲಿ ಹಾರಿಸಿದರು ಅನ್ನೋ ಗುಮಾನಿಯೂ ಇತ್ತು. ಹೊರಗಿನ ಒತ್ತಡ ಇರಲಿಲ್ಲ ಅಂತ ಆಯೋಗ ಹೇಳಿತು. ಅದರ ಸದಸ್ಯರಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ರಬ್ಬರ್ ತುಂಡನ್ನ ಕ್ಲ್ಯಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟದಲ್ಲಿ ಅದ್ದಿ, ತೆಗೆದ ಮೇಲೆ ಅದು ಮೊದಲಿನ ಆಕಾರಕ್ಕೆ ಬೇಗ ಬರಲ್ಲ ಅಂತ ಕ್ಯಾಮೆರಾ ಮುಂದೆಯೇ ತೋರಿಸಿದರು. ಆದರೂ ಜನರ ಬಾಯಲ್ಲಿ ಉಳಿದದ್ದು ಕವಿತೆಯ ಸಾಲು. ಆಯೋಗದ ವರದಿಯನ್ನ ಯಾರು ಬಾಯಿಪಾಠ ಮಾಡ್ತಾರೆ ಹೇಳಿ?

ಹದಿನೇಳು ವರ್ಷದ ನಂತರ, 2003ರ ಫೆಬ್ರವರಿ 1ರಂದು, ಕೊಲಂಬಿಯಾ ವಾಪಸ್ ಬರುವಾಗ ಒಡೆದುಹೋಯಿತು. ಮತ್ತೆ ಏಳು ಜನ, ಅವರಲ್ಲಿ ನಮ್ಮ ಕಲ್ಪನಾ ಚಾವ್ಲಾ. ಹ್ಯೂಸ್ಟನ್ನಿನ ಶ್ರದ್ಧಾಂಜಲಿ ಸಭೆಯಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಒಬ್ಬೊಬ್ಬರ ಹೆಸರು ಹೇಳಿ ಮಾತಾಡಿದರು. ಹುಟ್ಟಿದ ದೇಶವನ್ನ ಆಕೆ ಮೇಲಿನಿಂದ ಇಡಿಯಾಗಿ ಕಂಡದ್ದನ್ನೂ ನೆನೆದರು. ನಮ್ಮಲ್ಲಿ ಮೆಟ್‌ಸ್ಯಾಟ್ ಉಪಗ್ರಹಕ್ಕೆ ಕಲ್ಪನಾ-1 ಅಂತ ಹೆಸರಿಟ್ಟರು.

ಹಾರುವಾಗ ಕಳಚಿದ ಫೋಮ್ ತುಂಡು ರೆಕ್ಕೆಗೆ ಬಡಿದಿತ್ತು. ಶಟಲ್ ಇನ್ನೂ ಕಕ್ಷೆಯಲ್ಲಿದ್ದಾಗಲೇ ಇಂಜಿನಿಯರುಗಳು ರೆಕ್ಕೆಯ ಚಿತ್ರ ತೆಗೆಸಿ ಅಂತ ಕೇಳಿದ್ದರು, ಮೇಲಿನವರು ಬೇಡ ಅಂದರು. ತನಿಖಾ ಮಂಡಳಿ ತನ್ನ ವರದಿಯಲ್ಲಿ ಚಾಲೆಂಜರಿನ ಪ್ರತಿಧ್ವನಿ ಕೇಳಿಸುತ್ತಿದೆ ಎಂದಿತು. ಒಂದು ಪವರ್‌ಪಾಯಿಂಟ್ ಸ್ಲೈಡನ್ನೂ ಅದರಲ್ಲಿ ಬಿಡಿಸಿ ನೋಡಿದ್ದಾರೆ. ಫೋಮ್ ಹೊಡೆತದ ಬಗ್ಗೆ ಅಧಿಕಾರಿಗಳಿಗೆ ತೋರಿಸಿದ ಸ್ಲೈಡ್ ಅದು. ಪ್ರಯೋಗದ ದತ್ತಾಂಶ ಇದ್ದದ್ದು 3 ಘನ ಇಂಚಿನ ತುಂಡಿಗೆ, ನಿಜವಾಗಿ ಬಡಿದದ್ದರ ಅಂದಾಜು 1,920 ಘನ ಇಂಚು. ಆ ಸಂಖ್ಯೆ ಸ್ಲೈಡಿನ ಕಟ್ಟಕಡೆಯಲ್ಲಿ, ಬುಲೆಟ್ಟಿನ ಒಳಗಿನ ಬುಲೆಟ್ಟಿನಲ್ಲಿ, ಸಣ್ಣ ಅಕ್ಷರದಲ್ಲಿತ್ತು.