ಪಟ್ಟಿಯ ಒಳಗೆ, ಪಟ್ಟಿಯ ಹೊರಗೆ: ಉತ್ತರ ಕೊರಿಯಾ ಹೇಳುವ ಪಾಠ

‘ಭಯೋತ್ಪಾದನೆಯ ಪ್ರಾಯೋಜಕ ರಾಷ್ಟ್ರ’ ಎಂಬ ಮಾತು ವಿದೇಶ ವಾರ್ತೆಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಇದು ಕೇವಲ ನಿಂದೆಯ ಮಾತೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಅಮೆರಿಕದ ಕಾನೂನಿನ ಬಲವುಳ್ಳ ಒಂದು ಪಟ್ಟಿ. ಭಯೋತ್ಪಾದನೆಯನ್ನು ತಡೆಯಲೆಂದು ರಚಿತವಾದ ಈ ಪಟ್ಟಿಯು ಅಣ್ವಸ್ತ್ರ ಮಾತುಕತೆಯಲ್ಲಿ ಚೌಕಾಸಿಯ ವಸ್ತುವಾದುದು ಹೇಗೆ ಎಂಬುದಕ್ಕೆ ಉತ್ತರ ಕೊರಿಯಾವೇ ಸ್ಪಷ್ಟ ನಿದರ್ಶನ.

ಪಟ್ಟಿಯ ಸ್ವರೂಪ

ಅಮೆರಿಕವು ಈ ಪಟ್ಟಿಯನ್ನು ಆರಂಭಿಸಿದ್ದು 1979ರಲ್ಲಿ. ಲಿಬಿಯಾ, ಇರಾಕ್, ಸಿರಿಯಾ ಮತ್ತು ದಕ್ಷಿಣ ಯೆಮನ್ ಅದರಲ್ಲಿ ಮೊದಲು ಸೇರಿದ ದೇಶಗಳು. ಅಂತಾರಾಷ್ಟ್ರೀಯ ಭಯೋತ್ಪಾದನಾ ಕೃತ್ಯಗಳಿಗೆ ಪದೇ ಪದೇ ಬೆಂಬಲ ನೀಡಿದ ದೇಶವನ್ನು ಅಲ್ಲಿನ ವಿದೇಶಾಂಗ ಸಚಿವರು ಪಟ್ಟಿಗೆ ಸೇರಿಸುತ್ತಾರೆ. ಅಂಥ ದೇಶಕ್ಕೆ ಶಸ್ತ್ರಾಸ್ತ್ರ ಮಾರಾಟವಿಲ್ಲ, ಆರ್ಥಿಕ ನೆರವಿಲ್ಲ. ವಿಶ್ವಬ್ಯಾಂಕಿನಂಥ ಸಂಸ್ಥೆಗಳ ಸಾಲಕ್ಕೂ ಅಮೆರಿಕ ವಿರೋಧ ಸೂಚಿಸಬೇಕು.

ಪಟ್ಟಿಯಿಂದ ಹೊರಬರುವ ಸಾಮಾನ್ಯ ಮಾರ್ಗವೂ ಕಾನೂನಿನಲ್ಲಿದೆ. ಆ ದೇಶ ಹಿಂದಿನ ಆರು ತಿಂಗಳಲ್ಲಿ ಭಯೋತ್ಪಾದನೆಗೆ ನೆರವಾಗಿಲ್ಲ, ಮುಂದೆಯೂ ನೆರವಾಗುವುದಿಲ್ಲವೆಂಬ ಭರವಸೆ ನೀಡಿದೆ ಎಂದು ಅಧ್ಯಕ್ಷರು ಅಮೆರಿಕದ ಸಂಸತ್ತಿಗೆ 45 ದಿನ ಮುಂಚಿತವಾಗಿ ತಿಳಿಸಬೇಕು. ಈ ಷರತ್ತುಗಳಲ್ಲಿ ಅಣ್ವಸ್ತ್ರದ ಪ್ರಸ್ತಾಪವಿಲ್ಲ.

ಗೋಪುರ ಕುಸಿದ ದಿನ

1987ರ ನವೆಂಬರ್ 29ರಂದು ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವೊಂದು ಅಂಡಮಾನ್ ಸಮುದ್ರದ ಮೇಲೆ ಬಾಂಬಿನಿಂದ ಸಿಡಿದು 115 ಮಂದಿ ಪ್ರಾಣ ಕಳೆದುಕೊಂಡರು. ಅದು ಉತ್ತರ ಕೊರಿಯಾದ ಗೂಢಚಾರರ ಕೃತ್ಯವೆಂದು ತನಿಖೆ ತಿಳಿಸಿತು. ಮರು ಜನವರಿಯಲ್ಲಿ ಆ ದೇಶ ಪಟ್ಟಿಗೆ ಸೇರಿತು.

ಸುಮಾರು ಎರಡು ದಶಕಗಳ ಬಳಿಕ ಪ್ರಶ್ನೆಯೇ ಬದಲಾಯಿತು. 2006ರ ಅಕ್ಟೋಬರಿನಲ್ಲಿ ಉತ್ತರ ಕೊರಿಯಾ ತನ್ನ ಮೊದಲ ಅಣ್ವಸ್ತ್ರ ಪರೀಕ್ಷೆ ನಡೆಸಿತು. ಚೀನಾ, ಜಪಾನ್, ರಷ್ಯಾ ಮತ್ತು ದಕ್ಷಿಣ ಕೊರಿಯಾಗಳೂ ಪಾಲ್ಗೊಂಡಿದ್ದ ಆರು ರಾಷ್ಟ್ರಗಳ ಮಾತುಕತೆಯಲ್ಲಿ, 2007ರ ಫೆಬ್ರವರಿಯಲ್ಲಿ ಒಪ್ಪಂದವೊಂದು ಮೂಡಿತು. ಯೋಂಗ್‌ಬ್ಯೋನ್ ಅಣುಸ್ಥಾವರವನ್ನು ಉತ್ತರ ಕೊರಿಯಾ ಮುಚ್ಚಬೇಕು; ಅದನ್ನು ಪಟ್ಟಿಯಿಂದ ತೆಗೆಯುವ ಪ್ರಕ್ರಿಯೆಯನ್ನು ಅಮೆರಿಕ ಆರಂಭಿಸಬೇಕು.

2008ರ ಜೂನ್ 26ರಂದು ಅಧ್ಯಕ್ಷ ಬುಷ್ ತಮ್ಮ ಉದ್ದೇಶವನ್ನು ಸಂಸತ್ತಿಗೆ ತಿಳಿಸಿದರು. ಮರುದಿನವೇ ಸ್ಥಾವರದ ಶೀತಲೀಕರಣ ಗೋಪುರವನ್ನು ಉತ್ತರ ಕೊರಿಯಾ ಸ್ಫೋಟಿಸಿ ಕೆಡವಿತು. ಆದರೆ 45 ದಿನಗಳು ಕಳೆದರೂ ಹೆಸರು ಪಟ್ಟಿಯಲ್ಲೇ ಉಳಿಯಿತು. ಪರಿಶೀಲನೆಯ ವಿಧಾನವನ್ನು ಮೊದಲು ಒಪ್ಪಬೇಕೆಂದು ಅಮೆರಿಕ ಹಟ ಹಿಡಿದಿತ್ತು. ಉತ್ತರ ಕೊರಿಯಾ ಸ್ಥಾವರದ ಕೆಲಸವನ್ನು ಹಿಂದಕ್ಕೆ ತಿರುಗಿಸತೊಡಗಿತು. ಕೊನೆಗೆ ಅಕ್ಟೋಬರ್ 11ರಂದು ಹೆಸರು ಹೊರಬಿತ್ತು.

ಗಳಿಸಿದ್ದೇನು, ಕಳೆದದ್ದೇನು?

ಡಿಸೆಂಬರಿನಲ್ಲಿ ಪರಿಶೀಲನೆಯ ಷರತ್ತುಗಳನ್ನು ಲಿಖಿತರೂಪಕ್ಕೆ ತರುವಾಗ ಮಾತುಕತೆ ಮುರಿಯಿತು. 2009ರ ಮೇ ತಿಂಗಳಲ್ಲಿ ಎರಡನೆಯ ಅಣ್ವಸ್ತ್ರ ಪರೀಕ್ಷೆ ನಡೆಯಿತು.

ಹೆಚ್ಚು ನೊಂದವರು ಜಪಾನಿನ ಕೆಲವು ಕುಟುಂಬಗಳು. 1970 ಮತ್ತು 80ರ ದಶಕಗಳಲ್ಲಿ ಉತ್ತರ ಕೊರಿಯಾದ ಗೂಢಚಾರರು ಜಪಾನೀ ನಾಗರಿಕರನ್ನು ಅಪಹರಿಸಿದ್ದರು. 13 ಜನರ ಅಪಹರಣವನ್ನು ಆ ದೇಶ 2002ರಲ್ಲಿ ಒಪ್ಪಿಕೊಂಡಿತು. ತಾಯ್ನಾಡಿಗೆ ಮರಳಿದವರು ಐವರು ಮಾತ್ರ. ಈ ವಿಷಯ ಬಗೆಹರಿಯುವವರೆಗೆ ಪಟ್ಟಿಯಿಂದ ತೆಗೆಯಬಾರದೆಂಬುದು ಆ ಕುಟುಂಬಗಳ ಮೊರೆಯಾಗಿತ್ತು. ಅಣುಸ್ಥಾವರದ ಲೆಕ್ಕಾಚಾರದಲ್ಲಿ ಆ ಮೊರೆಗೆ ಸ್ಥಾನ ದೊರೆಯಲಿಲ್ಲ.

2017ರ ನವೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಉತ್ತರ ಕೊರಿಯಾವನ್ನು ಮತ್ತೆ ಪಟ್ಟಿಗೆ ಸೇರಿಸಿದರು. ಪರದೇಶದ ನೆಲದಲ್ಲಿ ನಡೆಸಿದ ಹತ್ಯೆಗಳನ್ನು ಕಾರಣವಾಗಿ ನೀಡಿದರು. ಆ ವರ್ಷವೇ ಕಿಮ್ ಜೊಂಗ್ ಉನ್‌ರ ಮಲಸಹೋದರ ಕೌಲಾಲಂಪುರ ವಿಮಾನ ನಿಲ್ದಾಣದಲ್ಲಿ ವಿಷಪ್ರಯೋಗದಿಂದ ಸತ್ತಿದ್ದರು. ಆದರೆ ಅದೇ ಘೋಷಣೆಯಲ್ಲಿ ಅಣ್ವಸ್ತ್ರ ಬೆದರಿಕೆಯ ಮಾತೂ ಇತ್ತು.

ಯುದ್ಧಕ್ಕಿಂತ ಚೌಕಾಸಿ ಮೇಲು, ಇತರ ನಿರ್ಬಂಧಗಳು ಹೇಗೂ ಉಳಿದಿದ್ದವು ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಒಂದು ಅಪರಾಧಕ್ಕೆ ಹಚ್ಚಿದ ಹೆಸರನ್ನು ಬೇರೊಂದು ಲಾಭಕ್ಕಾಗಿ ಅಳಿಸಿದರೆ, ಆ ಹೆಸರಿನ ನೈತಿಕ ತೂಕ ಕುಂದುತ್ತದೆ. ಆದುದರಿಂದ ಇಂಥ ವಾರ್ತೆ ಓದುವಾಗ ಮಕ್ಕಳೂ ಹಿರಿಯರೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಈ ದೇಶ ಪಟ್ಟಿಗೆ ಸೇರಿದ್ದು ಯಾವ ಕೃತ್ಯಕ್ಕಾಗಿ? ಹೊರಬಂದದ್ದು ಯಾವುದಕ್ಕೆ ಪ್ರತಿಯಾಗಿ?