ಅಸಾಕುಸದ ಹೂರಣದ ಗೋಪುರ

ಟೋಕಿಯೊದ ಅಸಾಕುಸಕ್ಕೆ ಹೋದದ್ದು ದೇವರ ದರ್ಶನಕ್ಕೆ. ದರ್ಶನ ಆಗಲಿಲ್ಲ. ಸೆನ್ಸೋಜಿ ದೇವಸ್ಥಾನದ ಮೂಲಮೂರ್ತಿಯನ್ನು ಭಕ್ತರಿಗೆ ತೋರಿಸುವ ವಾಡಿಕೆಯೇ ಇಲ್ಲ. ಅರ್ಧ ಬೆಳಗು ಕಳೆದದ್ದು ಕಬ್ಬಿಣದ ಅಚ್ಚೊಂದರ ಮುಂದೆ.

ಸ್ಥಳಪುರಾಣ ಚಿಕ್ಕದು. ಕ್ರಿ.ಶ. 628ರಲ್ಲಿ ಸುಮಿದಾ ನದಿಗೆ ಬಲೆ ಬೀಸಿದ ಅಣ್ಣತಮ್ಮಂದಿರಿಗೆ ಮೀನಿನ ಬದಲು ಕಾನ್ನೊನ್ ವಿಗ್ರಹ ಸಿಕ್ಕಿತಂತೆ. ಕಾನ್ನೊನ್ ಎಂದರೆ ಅವಲೋಕಿತೇಶ್ವರ. ಮಂಗಳೂರು ಕದ್ರಿಯ ಲೋಕೇಶ್ವರನನ್ನು ಕಂಡವರಿಗೆ ದೂರದ ನೆಂಟ. 1945ರ ಬಾಂಬ್ ದಾಳಿಗೆ ಸುಟ್ಟುಹೋದ ಮುಖ್ಯ ಮಂದಿರ 1958ರಲ್ಲಿ ಮತ್ತೆ ಎದ್ದಿತು. ಹೆಬ್ಬಾಗಿಲಲ್ಲಿ ಸುಮಾರು 700 ಕಿಲೋ ತೂಕದ ಕೆಂಪು ಲಾಟೀನು, ಅದರ ಕೆಳಗೆ ಸೆಲ್ಫಿಯವರ ನೂಕಾಟ.

ಬಾಗಿಲು ದಾಟಿದರೆ ನಕಾಮಿಸೆ, 250 ಮೀಟರ್ ಉದ್ದದ ಅಂಗಡಿಬೀದಿ. ಸೋಯಾ ಸಾಸ್ ಸವರಿ ಸುಡುವ ಅಕ್ಕಿಯ ಸೆನ್ಬೆ, ಹುರಿದ ಸೋಯಾ ಹಿಟ್ಟಿನಲ್ಲಿ ಹೊರಳಿಸಿದ ಬರಗಿನ ಉಂಡೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಂಗ್ಯೊಯಾಕಿ ಸುಡುತ್ತಿದ್ದ ಅಜ್ಜ. ಉದ್ದ ಹಿಡಿಯ ಜೋಡಿ ಅಚ್ಚಿಗೆ ಎಣ್ಣೆ ಸವರಿ, ಹಿಟ್ಟು ಹೊಯ್ದು, ಕೆಂಪು ಅಜುಕಿ ಕಾಳಿನ ಹೂರಣ ಇಟ್ಟು, ಮೇಲೊಂದಿಷ್ಟು ಹಿಟ್ಟು ಸುರಿದು, ಟಪ್ಪೆಂದು ಮುಚ್ಚಿ ಉರಿಯ ಮೇಲೆ ಮಗುಚುತ್ತಾರೆ. ಬಿಚ್ಚಿದರೆ ಒಳಗೆ ಪುಟ್ಟ ಪಗೋಡ, ಪಾರಿವಾಳ, ಲಾಟೀನು! ರುಚಿ ಥೇಟ್ ಹೋಳಿಗೆಯ ಹೂರಣ, ಏಲಕ್ಕಿಯೊಂದಿಲ್ಲ. ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ತಿನ್ನದವರು ನೆನಪಿಡಿ.

ಮೊಬೈಲಿನ ಅನುವಾದ ನಂಬಬಹುದಾದರೆ, ಅಜ್ಜನಿಗೆ ಎರಡು ಕೊರಗು. ಒಂದು, ಈ ಕಾವಿನ ಮುಂದೆ ದಿನವಿಡೀ ನಿಲ್ಲಲು ಹುಡುಗರು ಬರುವುದಿಲ್ಲ. ಯಂತ್ರದಲ್ಲಿ ಸುಡೋಣವೆಂದರೆ ಅಂಚು ಗರಿಗರಿ ಆಗುವುದಿಲ್ಲ. ಇನ್ನೊಂದು, ನನ್ನಂಥವರು. ಕೊಂಡದ್ದನ್ನು ಅಂಗಡಿಯ ಮುಂದೆಯೇ ನಿಂತು ತಿನ್ನಬೇಕು, ನಡೆಯುತ್ತ ತಿನ್ನಬಾರದು ಎಂಬ ಫಲಕ ತೋರಿಸಿ ಗದರಿದರು. ತಪ್ಪು ನನ್ನದೇ. ಆದರೂ ಬೀದಿಯುದ್ದಕ್ಕೂ ಒಂದು ಕಸದ ಬುಟ್ಟಿ ಕಣ್ಣಿಗೆ ಬೀಳಲಿಲ್ಲ ಎಂದು ಗೊಣಗಲೇಬೇಕು.

ಮಂದಿರದ ಬಳಿ 100 ಯೆನ್ ಹಾಕಿ ಲೋಹದ ಡಬ್ಬಿ ಕುಲುಕಿದೆ. ಬಿದ್ದ ಕಡ್ಡಿಯ ಸಂಖ್ಯೆಯ ಖಾನೆಯಿಂದ ಭವಿಷ್ಯದ ಚೀಟಿ ತೆಗೆದರೆ, ‘ಕ್ಯೋ’, ಅಶುಭ! ಇಲ್ಲಿ ಅಶುಭದ ಚೀಟಿಗಳೇ ಹೆಚ್ಚು ಎಂಬ ಮಾತಿದೆ. ಬಂದರೆ ಅಲ್ಲಿನ ಕಂಬಿಗೆ ಕಟ್ಟಿ ಬಿಡಬೇಕು.

ವಾಪಸು ಬರುವಾಗ ಅಜ್ಜ ಕರೆದು ತುದಿ ಮುರಿದ ಪಗೋಡವೊಂದನ್ನು ಕೈಗಿಟ್ಟರು, ದುಡ್ಡು ಬೇಡವೆಂದರು. ಚೀಟಿ ತೋರಿಸಿದೆ. ಕಟ್ಟಲಿಲ್ಲವೇ ಎಂದು ಗಂಟು ಹಾಕುವ ಸನ್ನೆ ಮಾಡಿದರು. ಅಲ್ಲೇ ನಿಂತು ಪಗೋಡ ಮುಗಿಸಿ, ಮತ್ತೆ ಮಂದಿರದ ಕಡೆ ತಿರುಗಿದೆ.